ಛೀ ಮೇಷ್ಟ್ರು ಒರೆಸಿದ ಏಳು ಖಂಡಗಳು

ಜಗತ್ತನ್ನು ಗೆದ್ದು ಹೆಸರು ಮಾಡಿದವರು ಬಹಳ ಮಂದಿ. ಜಗತ್ತನ್ನು ಒರೆಸಿ ಹೆಸರು ಮಾಡಿದವರು ಛೀ ಮೇಷ್ಟ್ರು ಒಬ್ಬರೇ. ಸೇನೆಯಿಲ್ಲ, ಕುದುರೆಯಿಲ್ಲ, ಕತ್ತಿಯಿಲ್ಲ. ಒಂದು ಒದ್ದೆ ಬಟ್ಟೆ, ಅಷ್ಟೇ.

ಅವರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಾರೆ. ಉದ್ದ ಮೂಗು, ಅದರ ಎರಡೂ ಬದಿಗೆ ಆಳವಾಗಿ ಕೊರೆದ ಗೆರೆ. ಬದುಕಿಡೀ ಮೂಗು ಮುರಿದವರಿಗೆ ಮಾತ್ರ ಸಿಗುವ ಪದಕ ಅದು. ಪುಟ ತಿರುವಲು ಯಾರಾದರೂ ಬೆರಳನ್ನು ನಾಲಿಗೆಗೆ ತಾಗಿಸಿದರೆ ಛೀ. ಪೆನ್ನಿನ ಮುಚ್ಚಳ ಕಚ್ಚಿದರೆ ಛೀ. ಸ್ಟಾಫ್ ರೂಮಿನ ಚಹಾ ಲೋಟದ ಅಂಚಿನಲ್ಲಿ ಇನ್ನೊಬ್ಬರ ತುಟಿಯ ನೆರಳು ಕಂಡರೂ ಛೀ. ಮಕ್ಕಳು ಹೆಸರಿಡಲು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ.

ಈ ಮಹಾವ್ರತ ಶುರುವಾದದ್ದು ಅವರೇ ಒಂದನೇ ತರಗತಿಯಲ್ಲಿ ಓದುತ್ತಿದ್ದಾಗ. ಪಕ್ಕದಲ್ಲಿ ಕೂತಿದ್ದ ಹುಡುಗ ಬಹಳ ಸ್ನೇಹದಿಂದ, “ನಿಂದೂ ಒರೆಸಿಕೊಡ್ತೀನಿ ಕಣೋ” ಎಂದು ಇವರ ಸ್ಲೇಟಿನ ಮೇಲೆ ಥೂ ಎಂದು ಉಗುಳಿ ಮೊಣಕೈಯಿಂದ ಉಜ್ಜಿದ. ಉಗುಳಿದವನು ಮುಂದೆ ಏನಾದನೋ ತಿಳಿಯದು. ಸ್ಲೇಟಿನವರು ಛೀ ಮೇಷ್ಟ್ರಾದರು.

ವಿಧಿಗೆ ತಮಾಷೆಯ ಬುದ್ಧಿ. ಇಂಥವರಿಗೆ ಅದು ಗಂಟು ಹಾಕಿದ್ದು ಆಸ್ಪತ್ರೆಯ ನರ್ಸ್ ಒಬ್ಬರನ್ನು. ಮದುವೆಯಾದ ಹೊಸತರಲ್ಲಿ ಆಕೆ ಗಂಡನ ಲೋಟದಿಂದ ಒಂದು ಗುಟುಕು ಕುಡಿದರು. ಗಂಡ ಆ ಲೋಟವನ್ನು ಎರಡು ಬೆರಳಲ್ಲಿ ಎತ್ತಿ ಬಚ್ಚಲಿಗೆ ಹೊರಟರು.

“ರೀ, ನಾನು ಡ್ಯೂಟೀಲಿ ದಿನಾ ಏನೇನು ತೊಳೀತೀನಿ ಅಂತ ಹೇಳ್ಲಾ?”

“ಬೇಡ ಬೇಡ, ಈಗ ತಾನೇ ಊಟ ಆಯ್ತು!”

“ಹಂಗಾದ್ರೆ ಲೋಟ ಕೆಳಗಿಡಿ.”

ಇಟ್ಟರು. ಅವರ ಸಂಸಾರ ಸುಖವಾಗಿ ಸಾಗಿದ್ದು ಇಂಥ ಬೆದರಿಕೆಗಳ ಬಲದಿಂದ.

ಇಷ್ಟೆಲ್ಲ ಅಸಹ್ಯಗಳ ನಡುವೆ ಮೇಷ್ಟ್ರಿಗೆ ಒಂದೇ ಒಂದು ಸ್ವರ್ಗವಿತ್ತು: ಹತ್ತನೇ ತರಗತಿಯ ಕಪ್ಪು ಹಲಗೆ. ಹೊಸ ಚಾಕ್‌ಪೀಸನ್ನು ಎಡಮೂಲೆಯಲ್ಲಿ ಊರಿದರೆ ಬಲಮೂಲೆ ಮುಟ್ಟುವವರೆಗೆ ಎತ್ತುತ್ತಿರಲಿಲ್ಲ. ಅಷ್ಟರಲ್ಲಿ ಖಂಡಗಳ ಕರಾವಳಿ ಒಂದಾದಮೇಲೊಂದು ಎದ್ದು ನಿಲ್ಲುತ್ತಿತ್ತು, ಕೊಲ್ಲಿಗಳ ಸಮೇತ, ದ್ವೀಪಗಳ ಸಮೇತ. ಬೆನ್ನ ಹಿಂದೆ ಮಕ್ಕಳ ಉಸಿರು ನಿಂತಿರುತ್ತಿತ್ತು. ಸಮುದ್ರದ ಪ್ರವಾಹಗಳ ಪಾಠ ಇರುವುದು ಹತ್ತನೆಯದರಲ್ಲಿ ಮಾತ್ರ. ಉಳಿದ ತರಗತಿಗಳನ್ನು ಅವರು ಸಂಬಳಕ್ಕಾಗಿ ಮಾಡುತ್ತಿದ್ದರು, ಹತ್ತನೆಯದನ್ನು ತಮಗಾಗಿ.

ಆ ಸ್ವರ್ಗಕ್ಕೆ ರಾಹು ಬಡಿದದ್ದು ಸಹಯೋಗ ಎಂಬ ರೂಪದಲ್ಲಿ. ಶಾಲೆಯ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಯಾವುದೋ ಸಮ್ಮೇಳನಕ್ಕೆ ಹೋಗಿ ಬಂದರು. ಬಂದವರು ಹಿಂದಿನಂತೆ ಇರಲಿಲ್ಲ. ಇನ್ನು ಮುಂದೆ ಮೇಷ್ಟ್ರುಗಳು, ಮಕ್ಕಳು, ಪಾಠ, ಹೋಮ್‌ವರ್ಕ್, ಹಾಜರಿ ಎಲ್ಲವೂ ಒಂದೇ ಆ್ಯಪಿನೊಳಗೆ ಎಂದು ಸಾರಿದರು. ಅದಕ್ಕೆ ಪೂಜಾರಿಯಾಗಿ ಕಂಪ್ಯೂಟರ್ ಮೇಷ್ಟ್ರನ್ನು ನೇಮಿಸಿದರು. ಎಲ್ಲರ ಪಾಸ್‌ವರ್ಡ್ ಅವರಿಗೆ ಬಾಯಿಪಾಠ, ತಮ್ಮದೊಂದು ಬಿಟ್ಟು. ಆದ್ದರಿಂದ ಅವರು ಪಾಸ್‌ವರ್ಡ್ ಮೇಷ್ಟ್ರು.

ಪಾಠದ ಯೋಜನೆಯನ್ನು ಎಲ್ಲರೂ ಸೇರಿ ಒಂದೇ ಕಡತದಲ್ಲಿ ಬರೆಯಬೇಕೆಂದಾಯಿತು. ಛೀ ಮೇಷ್ಟ್ರು ಕನ್ನಡಕ ಏರಿಸಿ ಕೂತರು. ಎರಡು ಸಾಲು ಬರೆದಿರಲಿಲ್ಲ, ಕುರ್ಚಿ ಹಿಂದಕ್ಕೆ ಸರಿಯಿತು.

“ಇದೇನ್ರೀ ಇದು, ನನ್ನ ಸಾಲಿನ ಮೇಲೆ ಹಸಿರು ಹುಳ ಹರೀತಿದೆ!”

“ಹುಳ ಅಲ್ಲ ಸಾರ್, ಗಣಿತದ ಮೇಡಂ,” ಎಂದರು ಪಾಸ್‌ವರ್ಡ್ ಮೇಷ್ಟ್ರು. “ಅವ್ರ ಮನೇಲಿ ಕೂತು ನಿಮ್ಮ ಜೊತೆ ಬರೀತಿದಾರೆ.”

“ನನ್ನ ತಟ್ಟೆಗೆ ಅವ್ರು ಯಾಕೆ ಕೈ ಹಾಕ್ತಾರೆ?”

“ಇದು ಎಲ್ಲರ ತಟ್ಟೆ ಸಾರ್.”

“ಎಂಜಲು ಅನ್ನಿ, ಮುಗೀತು.”

ನ್ಯಾಯವಾಗಿ ಹೇಳಬೇಕೆಂದರೆ ಅಸಹ್ಯಪಡಲು ಎಂಜಲು ಭ್ರಾಂತಿಯೇ ಬೇಕಾಗಿರಲಿಲ್ಲ, ಕಣ್ಣಿದ್ದರೆ ಸಾಕಾಗಿತ್ತು. ಹಿಂದೆ ಒಬ್ಬನ ಉತ್ತರವನ್ನು ಇನ್ನೊಬ್ಬ ಬರೆದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈಗ ಇಡೀ ತರಗತಿ ಒಂದೇ ಉತ್ತರ ಬರೆದರೆ ಸಹಯೋಗ ಎಂದು ಅಂಕ ಕೊಡತೊಡಗಿದರು. ಗುಮಾಸ್ತರ ತಾಯಿ ತೀರಿಕೊಂಡ ಸುದ್ದಿ ಆ್ಯಪಿನ ಗುಂಪಿನಲ್ಲಿ ಬಿದ್ದಾಗ ಅದರ ಕೆಳಗೆ ಹೆಬ್ಬೆರಳುಗಳ ಸಾಲೇ ಎದ್ದು ನಿಂತಿತು, ಆಕೆ ಏನೋ ಸಾಧನೆ ಮಾಡಿ ಹೋದಂತೆ. ಯಾರು ಕೆಲಸದಲ್ಲಿದ್ದಾರೆ ಎಂದು ತೋರಿಸಲು ಹೆಸರಿನ ಪಕ್ಕ ಹಸಿರು ಚುಕ್ಕಿ ಉರಿಯುತ್ತಿತ್ತು. ವಿಜ್ಞಾನದ ಮೇಷ್ಟ್ರು ಮೌಸಿಗೆ ದಾರ ಕಟ್ಟಿ, ಆ ದಾರವನ್ನು ಅತ್ತಿತ್ತ ತಿರುಗುವ ಟೇಬಲ್ ಫ್ಯಾನಿಗೆ ಬಿಗಿದು, ಮನೆಗೆ ಹೋಗಿ ನಿದ್ದೆ ಹೊಡೆದರು. ಆ ತಿಂಗಳು ಅತ್ಯಂತ ಚಟುವಟಿಕೆಯ ಶಿಕ್ಷಕ ಎಂಬ ಬಿರುದು ಅವರಿಗೇ ಬಂತು. ನ್ಯಾಯವಾಗಿ ಅದು ಫ್ಯಾನಿಗೆ ಸಲ್ಲಬೇಕಿತ್ತು.

ಛೀ ಮೇಷ್ಟ್ರ ಚುಕ್ಕಿ ಮಾತ್ರ ಸದಾ ಬೂದು. ದೊಡ್ಡ ಮೇಡಂ ಅವರನ್ನು ಕೋಣೆಗೆ ಕರೆಸಿದರು.

“ನೋಡಿ ಸಾರ್, ನಾಳೆ ತಪಾಸಣೆಗೆ ಸಾಹೇಬ್ರು ಬರ್ತಿದಾರೆ. ಹತ್ತನೇ ಕ್ಲಾಸಲ್ಲಿ ಸ್ಮಾರ್ಟ್ ಬೋರ್ಡ್ ಮೇಲೆ ನೀವೇ ಪಾಠ ಮಾಡ್ಬೇಕು.”

“ಕಪ್ಪು ಹಲಗೆ ಏನು ಪಾಪ ಮಾಡಿತ್ತು ಮೇಡಂ?”

“ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ಹತ್ತನೇ ಕ್ಲಾಸ್ ಕಂಪ್ಯೂಟರ್ ಸಾರ್‌ಗೆ ಕೊಡ್ತೀನಿ. ನೀವು ಪುಸ್ತಕದ ಕೋಣೆ ನೋಡ್ಕೊಂಡು ಆರಾಮಾಗಿರಿ.”

ಪುಸ್ತಕದ ಕೋಣೆಯೆಂದರೆ ಇಲಿ ಹಿಕ್ಕೆಯ ರಾಜಧಾನಿ. ಆದರೆ ಮೇಷ್ಟ್ರ ಮುಖ ಬಿಳಿಚಿದ್ದು ಅದಕ್ಕಲ್ಲ. “ಮಾಡ್ತೀನಿ” ಎಂದು ಹೊರಬಂದರು.

ಇಲ್ಲಿ ಆ ಬೋರ್ಡಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಗೋಡೆಯಷ್ಟಗಲದ ಗಾಜಿನ ಪರದೆ. ಅದರ ಮೇಲೆ ಬೆರಳಿಂದ ಬರೆದದ್ದು ಮಕ್ಕಳ ಕೈಯಲ್ಲಿರುವ ಟ್ಯಾಬುಗಳಲ್ಲೂ ಮೂಡುತ್ತದೆ, ಅವರು ಟ್ಯಾಬಿನಲ್ಲಿ ಬರೆದದ್ದು ಪರದೆಯ ಮೇಲೂ. ಅಳಿಸಿದರೆ ಎರಡೂ ಕಡೆ ಅಳಿಯುತ್ತದೆ. ಹತ್ತನೇ ತರಗತಿಯವರು ಕಂಪ್ಯೂಟರ್ ಪಾಠದ ಹೊತ್ತಿನಲ್ಲಿ ವಾರಗಟ್ಟಲೆ ಕೂತು ಅದರಲ್ಲಿ ಜಗತ್ತಿನ ಭೂಪಟ ಬರೆದಿದ್ದರು. ಏಳು ಗುಂಪು, ಗುಂಪಿಗೊಂದು ಖಂಡ, ನಡುವೆ ಸಮುದ್ರದ ಪ್ರವಾಹಗಳು. ವರ್ಷದ ಫಲಿತಾಂಶಕ್ಕೆ ಸೇರುವ ಅಂಕ ಅದಕ್ಕಿತ್ತು. ಇನ್ನೊಂದು ಸಂಗತಿ: ಆ ಗಾಜಿಗೆ ಬೆರಳು ತಾಗಿದರೆ ಪೆನ್ನು ಎಂದು ತಿಳಿಯುತ್ತದೆ, ಅಂಗೈಯಗಲದ ಏನೇ ತಾಗಿದರೂ ಡಸ್ಟರ್ ಎಂದು ತಿಳಿಯುತ್ತದೆ. ಇದನ್ನು ತರಬೇತಿಯ ದಿನ ಪಾಸ್‌ವರ್ಡ್ ಮೇಷ್ಟ್ರು ಬಿಡಿಸಿ ಬಿಡಿಸಿ ಹೇಳಿದ್ದರು. ಛೀ ಮೇಷ್ಟ್ರೂ ಅಲ್ಲೇ ಇದ್ದರು. ಆದರೆ ಎಲ್ಲರೂ ಹಿಡಿದಾಡಿದ ಪೆನ್ನೊಂದು ಸರದಿಯಲ್ಲಿ ತಮ್ಮತ್ತ ಬರುತ್ತಿದ್ದುದನ್ನೇ ನೋಡುತ್ತ ಕೂತಿದ್ದರಿಂದ ಅವರ ಕಿವಿಗೆ ಏನೂ ಬಿದ್ದಿರಲಿಲ್ಲ.

ಮಾರನೆಯ ದಿನ ಸಾಹೇಬರು ಬಂದರು. ದೊಡ್ಡ ಹೊಟ್ಟೆ, ಸಣ್ಣ ಕನ್ನಡಕ, ಯಾರು ಏನು ಹೇಳಿದರೂ ತಲೆಯಾಡಿಸುವ ಅಭ್ಯಾಸ. ದೊಡ್ಡ ಮೇಡಂ ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಪಕ್ಕದಲ್ಲಿ ತಾವೂ ಕೂತರು. ಮಕ್ಕಳು ಟ್ಯಾಬು ಹಿಡಿದು ಸಜ್ಜಾಗಿದ್ದರು. ಗಾಜಿನ ಮೇಲೆ ಏಳೂ ಖಂಡಗಳು ಬಣ್ಣಬಣ್ಣವಾಗಿ ಹೊಳೆಯುತ್ತಿದ್ದವು.

ಛೀ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿಯಲ್ಲಿ ರಣರಂಗ ಪ್ರವೇಶಿಸಿದರು. ಅದೇ ಹೊತ್ತಿಗೆ ಕಿಟಕಿಯ ಬಿಸಿಲು ಓರೆಯಾಗಿ ಗಾಜಿನ ಮೇಲೆ ಬಿತ್ತು. ಖಂಡಗಳು ಅವರ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಬೆರಳಚ್ಚುಗಳು. ಬಿಸ್ಕತ್ತು ತಿಂದ ಬೆರಳು, ತಲೆ ಕೆರೆದ ಬೆರಳು, ಮೂಗಿನ ಸಂಶೋಧನೆ ಮುಗಿಸಿ ನೇರವಾಗಿ ಬಂದ ಬೆರಳು. ಒಂದು ಕಡೆ ಯಾರೋ ಸೀನಿದ ತುಂತುರು ಒಣಗಿ ನಕ್ಷತ್ರಮಂಡಲವಾಗಿತ್ತು. ಇನ್ನೊಂದು ಕಡೆ ಅಂಟಂಟಾದ ಏನೋ ಒಂದು. ಅದೇನೆಂದು ಊಹಿಸುವುದನ್ನು ಅವರ ಬುದ್ಧಿ ನಿರಾಕರಿಸಿತು. ಇದರ ಮೇಲೆ ಬೆರಳಿಟ್ಟು ಪಾಠ ಮಾಡಬೇಕು!

“ಛೀ!”

ಚೀಲದಿಂದ ಬಟ್ಟೆ ಬಂತು, ಬಾಟಲಿಯ ನೀರು ಬಟ್ಟೆಗೆ ಬಿತ್ತು, ಬಟ್ಟೆ ಗಾಜಿಗೆ ಬಿತ್ತು. ಬಲದ ಕೆಳಮೂಲೆಯಿಂದ ಶುರು.

ಮುಂದಿನ ಬೆಂಚಿನಲ್ಲಿ ತರಗತಿಯ ನಾಯಕಿ ಕೂತಿದ್ದಳು. ಗಂಟಲಿನ ದೆಸೆಯಿಂದ ಅವಳಿಗೆ ಮೈಕ್ ಎಂದು ಹೆಸರು.

“ಸಾರ್! ಆಸ್ಟ್ರೇಲಿಯಾ ಹೋಯ್ತು!”

“ಎಲ್ಲಿಗಮ್ಮ ಹೋಗತ್ತೆ? ಅಲ್ಲೇ ಇರತ್ತೆ, ಕೂತ್ಕೋ.”

“ಸಾರ್, ಆಫ್ರಿಕಾನೂ ಹೋಗ್ತಿದೆ! ಸಾರ್, ಒರೆಸ್ಬೇಡಿ!”

“ಒರೆಸ್ಬೇಡಿ ಅಂತೆ. ಇಷ್ಟು ಗಲೀಜಿಟ್ಕೊಂಡು ಓದೋಕೆ ನಾಚ್ಕೆ ಆಗಲ್ವಾ ನಿಮ್ಗೆ?”

ಅವರು ಬಟ್ಟೆಯ ಹಿಂದೆ ಹೋಗುತ್ತಿದ್ದರು, ಭೂಮಂಡಲ ಬಟ್ಟೆಯ ಹಿಂದೆ ಮಾಯವಾಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಪಾಸ್‌ವರ್ಡ್ ಮೇಷ್ಟ್ರು “ಅಯ್ಯೋ ಸಾರ್!” ಎಂದು ಓಡಿ ಬರುವಷ್ಟರಲ್ಲಿ ಪರದೆಯ ನಡುವೆ ಒಂದು ಚೌಕ ಎದ್ದು, ಎಲ್ಲವನ್ನೂ ಅಳಿಸಲೇ ಎಂದು ವಿನಯದಿಂದ ಕೇಳಿತು. ಮೇಷ್ಟ್ರು ಅದನ್ನೂ ಒಂದು ಕಲೆ ಎಂದುಕೊಂಡು ಬಲವಾಗಿ ಉಜ್ಜಿದರು. ಒಪ್ಪಿಗೆ ಸಿಕ್ಕಿತು. ಟ್ಯಾಬುಗಳೆಲ್ಲ ಒಟ್ಟಿಗೆ ಬೆಳ್ಳಗಾದವು.

“ವಾಪಸ್ ತರಕ್ಕಾಗಲ್ವಾ?” ಎಂದಳು ಮೈಕ್, ಮೊದಲ ಬಾರಿಗೆ ಸಣ್ಣ ದನಿಯಲ್ಲಿ.

“ನಮ್ದು ಬಿಟ್ಟಿ ಆ್ಯಪ್ ಪುಟ್ಟಾ,” ಎಂದು ಪಾಸ್‌ವರ್ಡ್ ಮೇಷ್ಟ್ರು ಬೆವರೊರೆಸಿಕೊಂಡರು. “ಹಳೇದನ್ನ ಇಟ್ಕೊಳ್ಳಲ್ಲ ಇದು.”

ತಮ್ಮ ಬಟ್ಟೆಯ ಕೆಳಗೆ ಏನಾಯಿತೆಂದು ಛೀ ಮೇಷ್ಟ್ರಿಗೆ ಆಗ ತಿಳಿಯಿತು. ಹತ್ತನೇ ತರಗತಿ ಕೈಬಿಟ್ಟಿತು ಎಂಬುದೂ ತಿಳಿಯಿತು. ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. “ಏನಿದು ಮೇಡಂ?”

ದೊಡ್ಡ ಮೇಡಂ ಅಂಥಿಂಥವರಲ್ಲ. ಬಿದ್ದರೂ ಮೀಸೆ ಮಣ್ಣಾಗದ ಜಾತಿ, ಮೀಸೆಯೊಂದು ಇರಲಿಲ್ಲ ಅಷ್ಟೇ. “ಹೊಸ ವಿಧಾನ ಸಾರ್! ಮಾಡಿದ್ದನ್ನೆಲ್ಲ ಅಳಿಸೋದು, ಮಕ್ಕಳು ನೆನಪಿಂದ ಒಟ್ಟಿಗೆ ಮತ್ತೆ ಕಟ್ಟೋದು. ಶೂನ್ಯ ಫಲಕ ಅಂತ ಹೆಸರಿಟ್ಟಿದೀವಿ.”

ಸಾಹೇಬರ ತಲೆ ಆಡತೊಡಗಿತು. “ಅದ್ಭುತ! ಮೇಷ್ಟ್ರೇ, ಇದು ನಿಮ್ಮ ಯೋಚನೆನಾ?”

“ಯೋಚನೆ ಅಲ್ಲ ಸಾರ್, ಗಲೀಜು,” ಎಂದರು ಛೀ ಮೇಷ್ಟ್ರು. ದೊಡ್ಡ ಮೇಡಂ ಕಣ್ಣಲ್ಲೇ ಅವರನ್ನು ಕತ್ತರಿಸಿ ಹಾಕಿದರು. ಮೇಷ್ಟ್ರು ನಿಲ್ಲಿಸಲಿಲ್ಲ. “ಬೆರಳಚ್ಚು ಒರೆಸ್ತಿದ್ದೆ. ಅದರ ಜೊತೆ ಮಕ್ಕಳ ಕೆಲಸಾನೂ ಹೋಯ್ತು. ತಪ್ಪು ನಂದು.”

“ಎಂಥ ವಿನಯ ನೋಡಿ ಮೇಡಂ!” ಸಾಹೇಬರು ಎದ್ದೇ ನಿಂತರು. “ಇಂಥವ್ರು ಒಂದು ಕ್ಲಾಸಲ್ಲಿ ಕೊಳೀಬಾರ್ದು. ನಾಳೆಯಿಂದ ಇವರನ್ನ ಕಳಿಸಿ. ಎಲ್ಲಾ ಶಾಲೆಗೂ ಹೋಗಿ ಈ ಬೋರ್ಡಿನ ಮೇಲೆ ತರಬೇತಿ ಕೊಡ್ಲಿ.”

ಊರೂರಿನ ಗಾಜು! ಒಂದೊಂದರ ಮೇಲೂ ಒಂದೊಂದು ಶಾಲೆಯ ಮೂಗು! ಮೇಷ್ಟ್ರು ಮೇಜು ಹಿಡಿದು ನಿಂತರು. ಸುಳ್ಳು ಗೆದ್ದರೂ ಹತ್ತನೇ ಕ್ಲಾಸು ಹೋಗುತ್ತದೆ, ನಿಜ ಗೆದ್ದರೂ ಹೋಗುತ್ತದೆ. ಹಿಂದೆ ಬಾವಿ, ಮುಂದೆ ಹಳ್ಳ, ಎರಡರಲ್ಲೂ ಯಾರೋ ಕಾಲು ತೊಳೆದಿದ್ದಾರೆ.

ಮೈಕ್ ಎದ್ದು ನಿಂತಳು. ದನಿ ಪೂರ್ತಿ ಮರಳಿತ್ತು.

“ಸಾರ್, ವಿನಯಾನೂ ಇಲ್ಲ ವಿಧಾನಾನೂ ಇಲ್ಲ! ಅವ್ರು ನಿಜವಾಗ್ಲೂ ಒರೆಸಿಬಿಟ್ರು! ನಮ್ಮ ಮಾರ್ಕ್ಸ್ ಹೋಯ್ತು!”

“ಕೂತ್ಕೊಳಮ್ಮ,” ಎಂದರು ದೊಡ್ಡ ಮೇಡಂ.

“ಕೂರಲ್ಲ ಮೇಡಂ. ಇವರನ್ನ ಕರ್ಕೊಂಡು ಹೋದ್ರೆ ನಮ್ಮ ಭೂಪಟ ಯಾರು ಮಾಡ್ಕೊಡ್ತಾರೆ? ಕಂಪ್ಯೂಟರ್ ಸಾರ್‌ಗೆ ಗ್ರೀನ್‌ಲ್ಯಾಂಡ್ ಎಲ್ಲಿದೆ ಅಂತಾನೇ ಗೊತ್ತಿಲ್ಲ. ಕೇಳಿ ಬೇಕಾದ್ರೆ!”

ಸಾಹೇಬರು ಪಾಸ್‌ವರ್ಡ್ ಮೇಷ್ಟ್ರ ಕಡೆ ತಿರುಗಿದರು. ಪಾಸ್‌ವರ್ಡ್ ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು, ಅದು ಅಲ್ಲೇ ಎಲ್ಲೋ ಇರಬಹುದು ಎಂಬಂತೆ.

“ಒರೆಸಿದವ್ರೇ ಬರೆದುಕೊಡ್ಲಿ ಸಾರ್. ಮುಗಿಯೋವರೆಗೂ ನಾವು ಬಿಡಲ್ಲ.” ಹಿಂದಿನಿಂದ ಇಡೀ ತರಗತಿ ಬಿಡಲ್ಲ ಬಿಡಲ್ಲ ಎಂದು ಕೂಗಿತು. ಪ್ರೀತಿಯ ಕೂಗಲ್ಲ ಅದು. ಕಳ್ಳನನ್ನು ಹಿಡಿದವರ ಕೂಗು.

ಸಾಹೇಬರ ತಲೆ ಈಗ ಇನ್ನೊಂದು ದಿಕ್ಕಿಗೆ ಆಡಿತು. ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು. “ಮೇಡಂ, ಆ ಭೂಪಟ ಪೂರ್ತಿ ಆಗೋವರೆಗೂ ಇವರನ್ನ ಹತ್ತನೇ ಕ್ಲಾಸಿಂದ ಅಲ್ಲಾಡಿಸ್ಬೇಡಿ. ಆದ್ರೆ ಮೇಷ್ಟ್ರೇ, ಕೆಲಸ ಎಲ್ಲ ಇದೇ ಬೋರ್ಡಿನ ಮೇಲೆ, ಮಕ್ಕಳ ಜೊತೆ ಸೇರಿ. ಒಬ್ಬರೇ ಕೂತು ಕಾಗದದ ಮೇಲೆ ಬರೆಯೋ ಹಾಗಿಲ್ಲ.”

ಸಂಜೆ ಹೆಂಡತಿ ಡ್ಯೂಟಿ ಮುಗಿಸಿ ಬಂದಾಗ ಗಂಡ ಕೈಯನ್ನು ಮೈಯಿಂದ ದೂರ ಚಾಚಿಕೊಂಡು ಕೂತಿದ್ದರು, ಬೇರೆ ಯಾರದೋ ಕೈ ಕಾಯುವವರಂತೆ.

“ಏನಾಯ್ತು, ಹತ್ತನೇ ಕ್ಲಾಸು ಉಳೀತಾ?”

“ಉಳೀತು.”

“ಮತ್ತೆ ಯಾಕ್ರೀ ಈ ಮುಖ?”

“ಪೆನ್ನು ಕೊಟ್ರು ಕಣೇ, ಅದರ ತುಂಬ ಹಲ್ಲಿನ ಗುರುತು. ಬೆರಳಲ್ಲೇ ಬರೆದೆ. ಒಂದೇ ಎಳೆತಕ್ಕೆ ಇಡೀ ಕರಾವಳಿ. ಚೆನ್ನಾಗೇ ಬಂತು. ಬಂದ ತಕ್ಷಣ ನೋಡು, ಮಕ್ಕಳ ಟ್ಯಾಬಿಂದ ನಲವತ್ತು ಬಾಣದ ಗುರುತು ಇರುವೆ ಥರ ಮುತ್ಕೊಂಡ್ವು. ಒಬ್ಬ ನನ್ನ ಸಮುದ್ರಕ್ಕೆ ಗುಲಾಬಿ ಬಣ್ಣ ಬಳಿದ. ಇನ್ನೊಬ್ಬ ಮರುಭೂಮೀಲಿ ನಗೋ ಮುಖ ಇಟ್ಟ. ಒಬ್ಬಳು ಹೃದಯ ಕಳಿಸಿದಾಳೆ, ಧ್ರುವಪ್ರದೇಶಕ್ಕೆ!”

“ಡೆಟಾಲ್ ತರ್ಲಾ?”

“ಆಗ್ಲೇ ಹಾಕ್ಕೊಂಡೆ. ಎರಡು ಸಲ.”

ಆಕೆ ನಗು ತಡೆಯಲು ಅಡುಗೆಮನೆಗೆ ಹೋದರು. ತಡೆದದ್ದು ಹೊರಗಿನವರೆಗೂ ಕೇಳಿಸಿತು. ತಟ್ಟೆ ಬಂದು ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಫೋನು ಟಿಂಗ್ ಎಂದಿತು. ಮೈಕ್ ಮನೆಯಿಂದಲೇ ಆ್ಯಪಿನಲ್ಲಿ ಭೂಪಟ ತೆರೆದು ಬರೆದಿದ್ದಳು: ‘ಸರ್, ಆಫ್ರಿಕಾದ ಪಶ್ಚಿಮ ಕರಾವಳಿ ಒಂದು ಕಡೆ ಒಳಕ್ಕೆ ಹೋಗಿಬಿಟ್ಟಿದೆ. ನಾನೇ ನೇರ ಮಾಡಿಬಿಡ್ಲಾ?’

ಮೇಷ್ಟ್ರು ತಟ್ಟೆ ಪಕ್ಕಕ್ಕೆ ಸರಿಸಿದರು. ಕೈ ತೊಳೆದು ಬಂದು, ಫೋನನ್ನು ಗೋಡೆಗೆ ಒರಗಿಸಿ, ಕಿರುಬೆರಳಿನ ತುದಿಯಿಂದ ಒಂದೊಂದೇ ಅಕ್ಷರ ಚುಚ್ಚತೊಡಗಿದರು:

‘ಅದು ತಪ್ಪಲ್ಲ. ಕೊಲ್ಲಿ. ಮುಟ್ಟಬೇಡ. ಬಂದೆ.’