ತಾತನಿಗೆ ನಾನು ಮಾಡಿಸಿದ ಉಪವಾಸ

ನೀವು ನಂಬುವುದಿಲ್ಲ, ಬಿಡಿ. ಹದಿನಾರನೇ ವಯಸ್ಸಿಗೆ ನಾನು ಯಾವ ಡಾಕ್ಟರಿಗೂ ಬಗ್ಗದ ಕಾಯಿಲೆಗೆ ಮದ್ದು ಕಂಡುಹಿಡಿದೆ. ಐದು ದಿನದ ಮಟ್ಟಿಗೆ.

ಕಾಯಿಲೆ ತಾತನದು, ಮರೆವು. ಕೋರಮಂಡಲ್ ಚಿನ್ನದ ಗಣಿಯಲ್ಲಿ ಕಲ್ಲು ತುಂಬುತ್ತಿದ್ದ ತಾತ ಈಗ ನನ್ನನ್ನು ಮೇಸ್ತ್ರಿ ಅಂದುಕೊಂಡಿದ್ದ. ಮಂಚದ ಹತ್ತಿರ ಹೋದರೆ ಸಾಕು, ಎದ್ದು ನಿಲ್ಲುತ್ತಿದ್ದ. ನಾನೂ ಇಲ್ಲದ ಮೀಸೆ ತಿರುವಿ ಸಲಾಮು ತೆಗೆದುಕೊಳ್ಳುತ್ತಿದ್ದೆ. ಒಂದು ದಿನ "ನಾನ್ ನಿನ್ ಮೊಮ್ಮಗ ತಾತ" ಅಂದೆ.

"ತಮಾಸಿ ಮಾಡ್ಬೇಡಿ ಮೇಸ್ತ್ರಿ, ನನ್ ಮೊಮ್ಮಗ ಇಷ್ಟುದ್ದ" ಎಂದು ಮೊಣಕಾಲು ತೋರಿಸಿದ. ಅವತ್ತು ನನಗೆ ನಗು ಬರಲಿಲ್ಲ.

ಬಂಗಾರಪೇಟೆಯ ಕಾಲೇಜಿನಲ್ಲಿ ಬಯಾಲಜಿ ಮೇಷ್ಟ್ರು ಪಾಠ ಮಾಡಿದರು: ಜೀವಕೋಶ ತನ್ನೊಳಗಿನ ಕಸವನ್ನು ತಾನೇ ತಿಂದು ಚೊಕ್ಕಟವಾಗುತ್ತದೆ, ಮರೆವಿನ ಕಾಯಿಲೆಯಲ್ಲಿ ಆ ಕೆಲಸ ಕೆಟ್ಟು ಮಿದುಳಿನಲ್ಲಿ ಕಸ ಕೂರುತ್ತದೆ, ಹಸಿವಾದರೆ ಕೋಶ ಚುರುಕಾಗುತ್ತದೆ. ಗಣಿಯೂ ಹಾಗೇ ಅಲ್ಲವೇ? ಸಿಡಿಸಿದ ಕಲ್ಲನ್ನು ಸಾಗಿಸದಿದ್ದರೆ ಮುಂದಿನ ಪಾಳಿಯವರಿಗೆ ನಿಲ್ಲಲೂ ಜಾಗವಿಲ್ಲ. "ಇದು ಹೆಚ್ಚಾಗಿ ಇಲಿಗಳಲ್ಲಿ ಕಂಡದ್ದು, ಚಿಕಿತ್ಸೆ ಅಂದ್ಕೋಬೇಡಿ" ಎಂದೂ ಮೇಷ್ಟ್ರು ಹೇಳಿದರಂತೆ. ಅಷ್ಟರಲ್ಲಿ ನಾನು ರೈಲಿಗೆ ಓಡಿದ್ದೆ.

ದಸರಾ ರಜೆ. ಅಮ್ಮ ಬೆಳಗಿನ ಮುದ್ದೆ, ಮಧ್ಯಾಹ್ನದ ಅನ್ನ ಮುಚ್ಚಿಟ್ಟು ಟೊಮೆಟೊ ಬಿಡಿಸಲು ಹೋಗುತ್ತಿದ್ದಳು. ತಾತನಿಗೆ ತಿನ್ನಿಸುವ ಕೆಲಸ ನನ್ನದು. ಎರಡನ್ನೂ ಹಸುವಿಗೆ ಹಾಕಿದೆ. ಹಸು ಮೂರೇ ದಿನಕ್ಕೆ ಆನೆಯಾಯಿತು. ರಾತ್ರಿಯ ತುತ್ತು ಮಾತ್ರ ಅಮ್ಮನೇ ತಿನ್ನಿಸುತ್ತಿದ್ದಳು. ಅದನ್ನು ತಡೆಯುವ ಧೈರ್ಯ ವಿಜ್ಞಾನಕ್ಕಿರಲಿಲ್ಲ.

"ನನ್ ಊಟ ಆಯ್ತಾ ಮೇಸ್ತ್ರಿ?"

"ಆಯ್ತು ಕಣ್ ತಾತ, ನೀನೇ ಎರಡು ಮುದ್ದೆ ಬಾರಿಸ್ದೆ."

"ಅಂಗಾ? ಒಟ್ಟೆ ಯಾಕೋ ನಂಬ್ತಿಲ್ಲ."

ಐದನೇ ದಿನ ಮಧ್ಯಾಹ್ನ ಮಂಚದ ಹತ್ತಿರ ಹೋಗಿ, "ನಾನ್ ಯಾರು ಯೇಳು ತಾತ" ಎಂದೆ. ತಾತ ಬಹಳ ಹೊತ್ತು ನನ್ನ ಮುಖ ನೋಡಿದ. ಎದ್ದು ನಿಲ್ಲಲು ಹೋಗಿ ಮತ್ತೆ ಕುಸಿದು ಕೂತ. "ತಪ್ಪಾಯ್ತು ಮೇಸ್ತ್ರಿ. ಕಾಲು ಬರ್ತಿಲ್ಲ."

ಆಗಲೇ ಅಮ್ಮ ಒಳಗೆ ಬಂದಳು. ಕೆಲಸ ಬೇಗ ಮುಗಿದಿತ್ತಂತೆ. ಹಸುವಿಗೆಂದು ನಾನು ಅನ್ನ ಸುರಿದಿಟ್ಟಿದ್ದ ಬಕೆಟ್ಟನ್ನು ನೋಡಿದಳು.

"ಏನ್ಲಾ ಇದು? ತಾತ ಉಂಡಿಲ್ವೇನ್ಲಾ?"

ಉತ್ತರ ತಾತನೇ ಕೊಟ್ಟ.

"ಉಂಡೆ ಕಣಮ್ಮ. ಮೇಸ್ತ್ರಿ ಯೇಳಿದ್ರು. ಅವ್ರು ಸುಳ್ಳು ಯೇಳಲ್ಲ."

ಅಮ್ಮ ನನ್ನನ್ನು ಹೊಡೆಯಲಿಲ್ಲ. ಪಾತ್ರೆಯ ತಳದಲ್ಲಿ ಉಳಿದಿದ್ದ ಅನ್ನವನ್ನು ಕಲಸಿ ತುತ್ತು ಮಾಡಿ ತಾತನ ಬಾಯಿಗೆ ಹಿಡಿದಳು. ತಾತ ತುಟಿ ಬಿಗಿದುಕೊಂಡು, ನನ್ನ ಕಡೆ ನೋಡುತ್ತ, ಅಪ್ಪಣೆಗೆ ಕಾದ.