ಅಜ್ಜಿಯ ಗೊರಕೆ

ನಮ್ಮತ್ತೆ ಜೀವಮಾನವೆಲ್ಲ ಹೊಲಿಗೆ ಯಂತ್ರ ತುಳಿದವರು. ಮಲಗಿದರೆ ಅವರ ಗೊರಕೆಯೂ ಅದೇ ಯಂತ್ರದ ಹಾಗೆ. ನನ್ನ ಮಗಳಿಗೆ ಹದಿಮೂರು ತುಂಬಿದ್ದೇ ತಡ, "ಈ ಸದ್ದಲ್ಲಿ ನಾನು ಮಲಗಲ್ಲ" ಎಂದು ಮುಖ ಊದಿಸಿಕೊಂಡಳು. ಅತ್ತೆ ಹಾಸಿಗೆ ಸುತ್ತಿಕೊಂಡು ಅಡುಗೆಮನೆಗೆ ಹೋದರು. ದಿನವೂ ಇಬ್ಬರ ಬಿಗಿದ ಮುಖ ನೋಡಿ ತಲೆ ಕೆಟ್ಟು, ನಾನು ಮಗಳನ್ನು ವಸತಿ ಶಾಲೆಗೆ ಸೇರಿಸಿದೆ.

ಮೊದಲ ರಜೆಗೆ ಬಂದವಳು ಮಧ್ಯಾಹ್ನದ ಊಟವಾದದ್ದೇ ಅಜ್ಜಿಯ ಹಾಸಿಗೆಯನ್ನು ತಾನೇ ಹೊತ್ತು ತಂದು ತನ್ನ ಪಕ್ಕ ಹಾಸಿದಳು. ಎಲ್ಲಿ ಸದ್ದಾದೀತೋ ಎಂದು ಅತ್ತೆ ನಿದ್ದೆ ತಡೆದುಕೊಂಡು ಬಿದ್ದಿದ್ದರು. ಮಗಳು ಹೊರಳಾಡಿ ಸಾಕಾಗಿ ಎದ್ದು ಕೂತಳು.

"ಅಜ್ಜಿ, ಹಾಸ್ಟೆಲ್‌ನಲ್ಲಿ ಒಂದೇ ಕೋಣೇಲಿ ಹನ್ನೆರಡು ಜನ ಮಲಗ್ತೀವಿ. ಪಕ್ಕದಲ್ಲಿ ಗೊರಕೆ ಇಲ್ದಿದ್ರೆ ನಂಗೀಗ ನಿದ್ದೇನೇ ಬರಲ್ಲ. ಬೇಗ ಶುರುಮಾಡು."

ನಾನು ಮೆಲ್ಲಗೆ ಬಾಗಿಲೆಳೆದು, ಖಾಲಿಯಾದ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಎರಡು ಗೊರಕೆ ಕೇಳಿಸಿದವು.