ಬಾನೆಟ್ ಮೇಲಿನ ಅರಿಶಿನ

ಆ ಕಾರನ್ನು ಹರಾಜಿನಲ್ಲಿ ಕೊಂಡದ್ದು ಮನೆಗೆಂದು ಕೂಡಿಟ್ಟಿದ್ದ ಹಣದಲ್ಲಿ. ಆಗ ನಾವು ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಬಾಡಿಗೆಗಿದ್ದೆವು. ನಾನು ಕಾರ್ಖಾನೆಯಲ್ಲಿ ಕಾರುಗಳಿಗೆ ಬಾಗಿಲು ಜೋಡಿಸುತ್ತಿದ್ದೆ. ಎರಡು ಸಾವಿರದ ಏಳು ಇರಬೇಕು. ಅರವತ್ತರ ದಶಕದ ದೊಡ್ಡ ಎಂಜಿನಿನ ಮಸಲ್ ಕಾರುಗಳಿಗೆ ಬೆಲೆ ಏರುತ್ತಲೇ ಇತ್ತು. ಹತ್ತಿರದಲ್ಲೇ ಡೆಂಟು, ಪೇಂಟಿನ ಶಾಪ್ ಇಟ್ಟಿದ್ದ ಹುಬ್ಬಳ್ಳಿಯ ಗೆಳೆಯ ಹುರಿದುಂಬಿಸಿದ.

"ಬ್ಯಾಂಕಿನಾಗ ಇಟ್ರ ರೊಕ್ಕ ಮರಿ ಹಾಕತೈತೇನಣ್ಣಾ?"

ಕೊಂಡದ್ದು ಮಾಸಿದ ಹಸಿರು ಬಣ್ಣದ ಗಾಡಿ. ಅದು ತಯಾರಾದಾಗ ಬಳಿದ ಬಣ್ಣವೇ ಹಾಗೇ ಉಳಿದಿತ್ತು. ಊರಿನಲ್ಲಾದರೆ ಮಾರುವ ಮೊದಲು ಹೊಸ ಬಣ್ಣ ಹೊಡೆಸುತ್ತೇವೆ. ಇಲ್ಲಿ ಹಳೆಯ ಬಣ್ಣಕ್ಕೇ ಬೆಲೆ; ಅದನ್ನು ಕೆರೆದರೂ ಮುಚ್ಚಿದರೂ ಗಾಡಿಯ ಬೆಲೆ ಬಿದ್ದುಹೋಗುತ್ತದೆ. ಇದು ನನಗೂ ಗೆಳೆಯನಿಗೂ ಗೊತ್ತಿತ್ತು, ನನ್ನ ಹೆಂಡತಿಗೆ ಗೊತ್ತಿರಲಿಲ್ಲ.

ಗಾಡಿ ಗೆಳೆಯನ ಶಾಪಿಗೆ ಬಂದದ್ದು ಶುಕ್ರವಾರ. ನಾನು ಶಿಫ್ಟಿನಲ್ಲಿದ್ದೆ, ಅವನು ಮಧ್ಯಾಹ್ನದ ನಮಾಜಿಗೆ ಹೋಗಿದ್ದ. ಹೊಸದಾಗಿ ಬಂದ ಗಾಡಿ ಪೂಜೆಯಿಲ್ಲದೆ ನಿಲ್ಲಬಾರದೆಂದು ಹೆಂಡತಿ ಹೋಗಿ, ಅರಿಶಿನ ಕಲಸಿ ಬಾನೆಟ್ಟಿಗೆ ದಪ್ಪನೆಯ ಬೊಟ್ಟುಗಳನ್ನಿಟ್ಟು, ಮೇಲೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಬಂದಳು. ಶನಿವಾರ, ಭಾನುವಾರ ಶಾಪಿಗೆ ರಜೆ; ಹೊರಗೆ ನಿಂತ ಗಾಡಿಯ ಮೇಲೆ ಎರಡು ದಿನ ಬಿಸಿಲು ಬಿತ್ತು. ಒರೆಸಿದಾಗ ಕುಂಕುಮ ಹೋಯಿತು, ಅರಿಶಿನ ಹೋಗಲಿಲ್ಲ. ಬಣ್ಣದಲ್ಲಿದ್ದ ಕೂದಲೆಳೆಯಂಥ ಬಿರುಕುಗಳಿಗೆ ಹಳದಿ ಇಳಿದುಬಿಟ್ಟಿತ್ತು.

"ಉಜ್ಜಬ್ಯಾಡಣ್ಣಾ, ಬಣ್ಣಾನ ಕಿತ್ತು ಬರ್ತೈತಿ," ಎಂದು ಗೆಳೆಯ ನನ್ನ ಕೈ ಹಿಡಿದ. "ಅಲ್ಲಿ ನಾ ನಮಾಜ್ ಮಾಡೇನಿ, ಇಲ್ಲಿ ವೈನಿ ಪೂಜಾ ಮಾಡ್ಯಾರ. ಇಷ್ಟೆಲ್ಲಾ ಮಾಡಿದ್ರೂ ಹಿಂಗಾತಲ್ಲೋ!"

ನನಗೆ ನಗು ಬರಲಿಲ್ಲ. ಮುಂದಿನ ವರ್ಷ ಎಲ್ಲದರ ಬೆಲೆಯೂ ಇಳಿಯತೊಡಗಿತು. ನಮ್ಮ ಕಾರ್ಖಾನೆಯಲ್ಲಿ ಒಂದು ಶಿಫ್ಟು ನಿಲ್ಲಿಸುತ್ತಾರೆಂಬ ಮಾತೂ ಹಬ್ಬಿತು. ಕೆಲಸ ಹೋಗುವ ಮೊದಲೇ ಹಣ ಕೈಗೆ ಬರಬೇಕಿತ್ತು. ಗಾಡಿಯನ್ನು ಟ್ರೇಲರಿಗೆ ಹಾಕಿ ಶಿಕಾಗೋ ಕಡೆಯ ಹರಾಜಿಗೆ ಒಯ್ದೆವು. ಅರಿಶಿನದ ಕಲೆಯಿಂದ ಬೆಲೆ ಇಳಿಯುತ್ತದೆಂದು ಅಷ್ಟರಲ್ಲಿ ಹೆಂಡತಿಗೂ ತಿಳಿದಿತ್ತು; ಅವಳೂ ಜೊತೆಗೆ ಬಂದಳು.

ನಾವು ಕೊಟ್ಟ ಬೆಲೆಗಿಂತ ಕಡಿಮೆಗೆ ಕೊಡುವುದಿಲ್ಲವೆಂದು ಹರಾಜಿನವರಿಗೆ ಮೊದಲೇ ಹೇಳಿದ್ದೆವು. ನೋಡಲು ಬಂದವರೆಲ್ಲ ಬಾನೆಟ್ ಮೇಲೆ ಬೆರಳಾಡಿಸಿದರು. ಒಬ್ಬ ಮುದುಕ ಇದೇನೆಂದು ಕೇಳಿದ. ಹೆಂಡತಿ ಪೂಜೆ ಮಾಡಿದ ಗುರುತು ಎಂದೆ. ಅವನು ತಲೆಯಾಡಿಸಿ ಮುಂದಿನ ಗಾಡಿಯತ್ತ ನಡೆದ. ಹರಾಜು ಶುರುವಾಯಿತು, ಕೂಗು ಏರಿತು, ನಮ್ಮ ಬೆಲೆಗಿಂತ ಬಹಳ ಕೆಳಗೇ ನಿಂತುಬಿಟ್ಟಿತು. ಹರಾಜಿನ ಕಡೆಯವನೊಬ್ಬ ನನ್ನ ಹತ್ತಿರ ಬಗ್ಗಿ, ಇಷ್ಟಕ್ಕೇ ಬಿಡುತ್ತೀಯಾ ಎಂದು ಕೇಳಿದ. ನಾನು ಹೆಂಡತಿಯತ್ತ ತಿರುಗಿದೆ.

"ನನ್ನಿಂದಾನೇ ಅಲ್ವೇನ್ರೀ ಕಮ್ಮಿ ಕೇಳ್ತಿರೋದು?" ಎಂದಳು ಹೆಂಡತಿ.

"ಇಲ್ಲ ಕಣೇ. ಇವತ್ತು ಎಲ್ಲಾ ಗಾಡಿಗೂ ಕಮ್ಮೀನೇ."

ಅದು ನಿಜವೋ, ಅವಳನ್ನು ಸಮಾಧಾನ ಮಾಡಲು ಆಡಿದ ಮಾತೋ, ನನಗೇ ತಿಳಿಯಲಿಲ್ಲ.

"ಅಣ್ಣಾ, ಲಗೂನ ಹೇಳು, ಅವಾ ಕಾಯಾಕತ್ತಾನ," ಎಂದ ಗೆಳೆಯ.

"ವಾಪಸ್ ತಗೊಂಡೋದ್ರೆ ನೀವು ನಿದ್ದೆ ಮಾಡಲ್ಲ," ಎಂದಳು ಹೆಂಡತಿ. "ಕೊಟ್ಬಿಡಿ. ಮನೆ ಆಮೇಲೆ ನೋಡೋಣ."

ನಾನು ಹರಾಜಿನವನಿಗೆ ಹೂಂ ಎಂದು ತಲೆಯಾಡಿಸಿದೆ. ಮಾರಾಟ ಮುಗಿಸುವ ಸುತ್ತಿಗೆ ಬಿತ್ತು. ನಮ್ಮ ಗಾಡಿಯನ್ನು ತಳ್ಳಿಕೊಂಡು ಹೋದರು. ಹಿಂದೆಯೇ ಇನ್ನೊಂದು ಬಂತು, ಮೊದಲ ಬಣ್ಣವೇ ಒಂದೂ ಕಲೆಯಿಲ್ಲದೆ ಕನ್ನಡಿಯಂತೆ ಹೊಳೆಯುವ ಕೆಂಪು ಗಾಡಿ. ಹೊರಡೋಣ ಎಂದರೆ ಅವಳು ನನ್ನ ತೋಳು ಹಿಡಿದು ಅಲ್ಲೇ ನಿಂತಳು.

"ತಡೀರಿ. ಅದಕ್ಕೆಷ್ಟು ಕೇಳ್ತಾರೆ ನೋಡ್ಬೇಕು."

ಕೂಗು ನಮ್ಮದಕ್ಕಿಂತಲೂ ಕಡಿಮೆ ಬೆಲೆಗೇ ನಿಂತಿತು. ಆ ಗಾಡಿಯವನು ಕೊಡುವುದಿಲ್ಲವೆಂದು ಕೈಯಾಡಿಸಿದ. ಆಗ ಅವಳು ನನ್ನ ತೋಳು ಬಿಟ್ಟಳು.